ಮೊಳೆಗೆ ನೇತುಹಾಕಿದ ಕೋಟು

ಆಸ್ಪತ್ರೆಯ ಲಾಂಡ್ರಿಯಲ್ಲಿ ಹಗಲಿಡೀ ನಿಂತು ಚಾದರಗಳಿಗೆ ಇಸ್ತ್ರಿ ಹಾಕಿ ಬಂದವಳಿಗೆ ಬೇಕಾಗಿದ್ದುದು ಕೂರಲು ಒಂದು ಕುರ್ಚಿ. ಮನೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ವಿಮೆಯವನು ಆರಾಮಾಗಿ ಕೂತಿದ್ದ. ಅವಳು ಗೋಡೆಗೆ ಒರಗಿ ನಿಂತಳು.

ಅವನನ್ನು ಕರೆಸಿದ್ದು ಅವಳೇ. ಹೋದ ತಿಂಗಳು ಕೆಳಗಿನ ಮನೆಗೆ ಬೆಂಕಿ ಬಿದ್ದು, ಬಾಡಿಗೆಗಿದ್ದ ಬಡಗಿ ಉಟ್ಟ ಬಟ್ಟೆಯಲ್ಲಿ ಬೀದಿಗೆ ಬಂದಿದ್ದ. ಮಾಲೀಕನ ಕಟ್ಟಡಕ್ಕೆ ವಿಮೆಯಿತ್ತು, ಗೋಡೆಗೆ ಹೊಸ ಬಣ್ಣವೂ ಆಯಿತು. ಬಡಗಿಯ ಉಳಿ, ಗರಗಸಗಳ ಗತಿ ಕೇಳುವವರಿಲ್ಲ. ಅಂದಿನಿಂದ ಅವಳ ಜೀವವೆಲ್ಲ, ಈಗಲೂ ಮೂಲೆಯಲ್ಲಿ ನೆಲಕ್ಕೆ ಕೂತು ಬಟ್ಟೆ ಹೊಲಿಯುತ್ತಿದ್ದ ನಾದಿನಿಯ ಕೈಮಷೀನಿನ ಮೇಲೆ. ಲಾಂಡ್ರಿಯ ಸಂಬಳ ಬಾಡಿಗೆಗೇ ಸರಿಹೋಗುತ್ತಿತ್ತು. ಇಬ್ಬರ ಹೊಟ್ಟೆ ತುಂಬಿಸುತ್ತಿದ್ದುದು ಆ ಮಷೀನು.

ಗಂಡನೆಂಬ ಮಹಾಶಯ ಹೇಳದೆ ಕೇಳದೆ ಮನೆ ಬಿಟ್ಟು ಆರು ವರ್ಷವಾಗಿತ್ತು. ಅವನ ತಂಗಿ ಮಾತ್ರ ಅತ್ತಿಗೆಯನ್ನು ಬಿಟ್ಟು ಕದಲಲಿಲ್ಲ. ಅವನ ಗುರುತಿಗೆ ಉಳಿದದ್ದು ಬಾಗಿಲ ಹಿಂದಿನ ಮೊಳೆಯಲ್ಲಿ ಒಂದು ಉಣ್ಣೆಯ ಕೋಟು. ಅದನ್ನು ಅತ್ತಿಗೆಯೇ ಆಗಾಗ ಕೊಡವಿ ಬಿಸಿಲಿಗೆ ಹಾಕುತ್ತಿದ್ದಳು. ಬಂದಾನು ಎಂಬ ಆಸೆ ಇನ್ನೂ ಇತ್ತು; ಆ ಆಸೆಯ ಮೇಲೆ ಅವಳಿಗೇ ಸಿಟ್ಟು.

"ಪಾಲಿಸಿ ನಿಮ್ಮ ಹೆಸರಲ್ಲಿ ಮಾಡಿದ್ರೆ ನಿಮ್ಮ ಸಾಮಾನು, ಯಜಮಾನರ ಸಾಮಾನು ಎರಡೂ ಸೇರುತ್ತೆ," ಎಂದ ವಿಮೆಯವನು.

"ಯಜಮಾನರೇ ಇಲ್ವಲ್ಲ."

"ಇಲ್ದಿದ್ರೂ ಗಂಡ ಗಂಡನೇ."

"ಹಾಗಾದ್ರೆ ಆ ಕೋಟಿಗೂ ವಿಮೆ ಇದೆ ಅನ್ನಿ. ಮಷೀನಿಗೆ?"

"ಅದರ ರಸೀದಿ ಇವರ ಹೆಸರಲ್ಲಿದೆ. ನಾದಿನಿ ಕುಟುಂಬದ ಲೆಕ್ಕಕ್ಕೆ ಬರಲ್ಲ."

ಮಷೀನಿನ ಸದ್ದು ನಿಂತಿತು. ನಾದಿನಿ ತಲೆಯೆತ್ತದೆ ಸೂಜಿಗೆ ದಾರ ಪೋಣಿಸುವ ನಾಟಕ ಮಾಡಿದಳು. ಮೊದಲೇ ಪೋಣಿಸಿದ್ದ ದಾರ ಸೂಜಿಯಲ್ಲೇ ಇತ್ತು.

ಓಡಿಹೋದವನು ಮನೆಯವನು, ಜ್ವರ ಬಂದಾಗ ಪಕ್ಕದಲ್ಲಿ ಕೂತವಳು ಹೊರಗಿನವಳು! ಜಗಳ ತೆಗೆಯಬೇಕೆನಿಸಿತು. ಆದರೆ ಜಗಳಕ್ಕೂ ತ್ರಾಣ ಬೇಕು, ಅದು ಲಾಂಡ್ರಿಯಲ್ಲೇ ಮುಗಿದುಹೋಗಿತ್ತು.

"ಎರಡು ಪಾಲಿಸಿ ಮಾಡಿಸಿ," ಎಂದ ಅವನು.

"ಒಂದರ ಕಂತಿಗೇ ಉಸಿರು ಕಟ್ಟುತ್ತೆ. ಅವಳ ಹೆಸರಲ್ಲೇ ಬರೀರಿ."

"ಆಗ ನಿಮ್ಮದು ಯಾವುದೂ ಸೇರಲ್ಲ."

"ಬೇಡ ಅತ್ತಿಗೆ," ಎಂದು ನಾದಿನಿ ಎದ್ದೇಬಿಟ್ಟಳು. "ನಿನ್ನ ಬೀರು, ಹಾಸಿಗೆ, ಬಟ್ಟೆ... ಎಲ್ಲಾ ಹೋದ್ರೆ ಏನ್ ಮಾಡ್ತೀಯ?"

"ನನ್ನ ಬಟ್ಟೆ ಸುಟ್ಟರೆ ನೀನು ಹೊಲಿದು ಕೊಡ್ತೀಯ. ಮಷೀನೇ ಸುಟ್ಟರೆ ಇಬ್ರೂ ಏನ್ ತಿನ್ನೋಣ? ಸುಮ್ನೆ ಸಹಿ ಹಾಕು, ಕಾಲು ನೋಯ್ತಿದೆ."

ನಾದಿನಿ ಸಹಿ ಹಾಕಿದಳು. ವಿಮೆಯವನು ಹೋದ ಮೇಲೆ ಖಾಲಿಯಾದ ಕುರ್ಚಿಯಲ್ಲಿ ಅತ್ತಿಗೆ ಕುಸಿದು ಕೂತಳು. ನಾದಿನಿ ಬಾಗಿಲ ಹತ್ತಿರ ಹೋಗಿ, ಮೊಳೆಯಿಂದ ಅಣ್ಣನ ಕೋಟನ್ನು ತೆಗೆದು, ನೆಲಕ್ಕೆ ಕೂತು ಮಡಿಲಲ್ಲಿ ಹರಡಿದಳು. ಕತ್ತರಿ ಕೈಯಲ್ಲಿ ಹಿಡಿದು ಅತ್ತಿಗೆಯ ಮುಖ ನೋಡಿದಳು.

ಅತ್ತಿಗೆ ಬೇಡವೆನ್ನಲಿಲ್ಲ. ತೋಳಿನ ಹೊಲಿಗೆ ಒಂದೊಂದಾಗಿ ಬಿಚ್ಚಿಕೊಳ್ಳುವುದನ್ನು ನೋಡುತ್ತ ಕೂತಳು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ.

"ಒಳ್ಳೇ ಉಣ್ಣೆ, ಚಳಿಗೆ ನಿನಗಾಗುತ್ತೆ," ಎಂದಳು ನಾದಿನಿ. "ಒಂದು ನಿಮಿಷ ಎದ್ದು ನಿಲ್ಲು ಅತ್ತಿಗೆ, ಅಳತೆ ತಗೋತೀನಿ."

ನೋಯುವ ಕಾಲಿನಲ್ಲೇ ಅವಳು ಎದ್ದು ನಿಂತಳು.