ಟ್ಯಾಂಕಿನೊಳಗಿನ ಮುನಿಸು

ಹಂಸಭಾವಿಯಲ್ಲಿ ಹಿಂಡಿ ಅಂಗಡಿ ಇಟ್ಟುಕೊಂಡಿರುವ ನನಗೆ ದೇವರು ಎದುರಿಗೇ ಶಂಭುಲಿಂಗನ ವೆಲ್ಡಿಂಗ್ ಶೆಡ್ಡನ್ನು ಕೊಟ್ಟಿದ್ದಾನೆ. ಸುತ್ತಲಿನ ಊರುಗಳಿಗೆ ಹಾಲಿನ ಸ್ಟೀಲ್ ಟ್ಯಾಂಕ್ ಮಾಡುವವನು ಇವನೇ. ಕೆಲಸ ಅಚ್ಚುಕಟ್ಟು; ಬಾಯಿಗೆ ಮಾತ್ರ ಬಿಡುವಿಲ್ಲ. ಎಮ್ಮೆಗೆ ಹಿಂಡಿ ಒಯ್ಯಲು ಬಂದವರು ಅವನ ಮಾತು ಕೇಳುತ್ತ ನಿಂತು ಎಮ್ಮೆಯನ್ನೇ ಮರೆತಿದ್ದಾರೆ.

ಅವನಿಗೊಂದು ಮಡಿ. ಸ್ಟೀಲ್ ಉಜ್ಜುವ ಬ್ರಶ್ಶು ಕಬ್ಬಿಣಕ್ಕೆ ತಾಗಕೂಡದು. ತಾಗಿದರೆ ಕಬ್ಬಿಣದ ಪುಡಿ ಟ್ಯಾಂಕಿಗೆ ಅಂಟಿ, ನಾಳೆ ಅಲ್ಲೇ ತುಕ್ಕು ಹಿಡಿಯುತ್ತದೆ ಎನ್ನುತ್ತಾನೆ. ಬ್ರಶ್ಶನ್ನು ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಡುತ್ತಾನೆ. ನಮ್ಮ ಅಜ್ಜಿ ಪೂಜೆಯ ಸಾಮಾನಿಗೂ ಇಷ್ಟು ಮಡಿ ಮಾಡಿದವಳಲ್ಲ.

ಇನ್ನೊಂದು ನೇಮ ಹೆಂಡತಿ ತನುಜಾಳದು. ಅಡ್ಡ ಮಲಗಿಸಿದ ಟ್ಯಾಂಕಿನೊಳಗೆ ಅವನು ಹೋಗುವ ಮೊದಲು ಅವಳು ಫ್ಯಾನ್ ಹಚ್ಚಿ ಗಾಳಿ ಆಡಿಸಬೇಕು. ಅವನ ಸೊಂಟದ ಪಟ್ಟಿಗೆ ಹಗ್ಗ ಕಟ್ಟಿ, ತುದಿ ಹಿಡಿದು ಹೊರಗೆ ಕೂಡಬೇಕು. ಅವನು ಒಳಗಿಂದ ಮಾತಾಡುತ್ತಲೇ ಇರಬೇಕು. ಬೆಸುಗೆಯ ಆರ್ಗಾನ್ ಗ್ಯಾಸಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ತಳದಲ್ಲಿ ತುಂಬಿಕೊಂಡು ಮನುಷ್ಯನ ಉಸಿರು ತೆಗೆದುಬಿಡುತ್ತದೆ. ಮಾತಾಡುವ ನೇಮ ಅವನಿಗೆ ಕಷ್ಟವಾಗಲಿಲ್ಲ. ಕಷ್ಟವೇನಿದ್ದರೂ ಕೇಳುವವಳಿಗೆ.

ಹೋದ ವರ್ಷ ಹಿರೇಬೆಂಡಿಗೇರಿಯವರ ಟ್ಯಾಂಕಿನ ಕೆಲಸ ನಡೆದಿದ್ದಾಗ ತನುಜಾ ಆ ಮಡಿಯ ಬ್ರಶ್ಶಿನಿಂದ ರೊಟ್ಟಿ ಹಂಚು ತಿಕ್ಕಿಬಿಟ್ಟಳು. ಅದೂ ಕಬ್ಬಿಣದ ಹಂಚು. ಶಂಭುಲಿಂಗ ಬ್ರಶ್ಶು ಎಸೆದು ಅವಳ ತವರುಮನೆಯನ್ನೆಲ್ಲ ಜಾಲಾಡಿದ. ನೀವು ಬ್ರಶ್ಶನ್ನೇ ಕಟ್ಟಿಕೊಳ್ಳಬೇಕಿತ್ತು ಎಂದಳು ಅವಳು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರದು ಉಂಡರೂ ಮುಗಿಯಲಿಲ್ಲ, ಮಲಗಿದರೂ ಮುಗಿಯಲಿಲ್ಲ. ಮಾತು ಬಿಟ್ಟರು. ಚಹಾ ಆಗಿದೆ ಎನ್ನುವುದನ್ನೂ ನನ್ನ ಕೈಲಿ ಹೇಳಿಸುವವರು. ನಾನೇನು ಇವರ ಟಪಾಲಿನವನೇ?

ಹೀಗಿರುವಾಗ ಒಂದು ದಿನ ಚಹಾಕ್ಕೆ ಹೊರಬಂದ ಪುಣ್ಯಾತ್ಮ ಸಿಟ್ಟಿನಲ್ಲಿ ಸಿಲಿಂಡರ್ ಬಂದ್ ಮಾಡಲಿಲ್ಲ. ಒಳಗೆ ಬಿಟ್ಟ ಪೈಪಿನಿಂದ ಗ್ಯಾಸ್ ಹರಿಯುತ್ತಲೇ ಇತ್ತು. ಮತ್ತೆ ಒಳಗೆ ಹೋಗುವಾಗ ಫ್ಯಾನ್ ಹಚ್ಚು ಎನ್ನಬೇಕಲ್ಲ, ಎಂದರೆ ತಾನೇ ಸೋತಂತೆ. ಅವಳೂ, ಅವನೇ ಬಾಯಿಬಿಟ್ಟು ಕೇಳಲಿ ಎಂದು ಕುಳಿತಳು. ಅವನು ಹಗ್ಗ ಕಟ್ಟಿಕೊಂಡು, ಮೂಗು ಮೇಲೆ ಮಾಡಿ, ಒಳಗೆ ತೂರಿದ.

ಸದ್ದಿಲ್ಲ. ಸಿಟ್ಟೋ ಗ್ಯಾಸೋ ಹೇಗೆ ತಿಳಿಯಬೇಕು? ತನುಜಾ ಒಮ್ಮೆ ಕೂಗಿದಳು. ಮತ್ತೊಮ್ಮೆ ಕೂಗಿದಳು. ಮೂರನೇ ಸಲದ ದನಿ ಕೇಳಿ ನಾನು ಅಂಗಡಿ ಬಿಟ್ಟು ಓಡಿದೆ. ಶೂರನಂತೆ ಟ್ಯಾಂಕಿನ ಬಾಯಿಗೆ ತಲೆ ತೂರಿಸಿದ ನನ್ನನ್ನು ಅವಳು ಅಂಗಿ ಹಿಡಿದು ಹಿಂದೆಳೆದಳು.

"ನೀವೂ ಒಳಗ ಬಿದ್ರ ನಾ ಯಾರನ್ನ ಅಂತ ಎಳೀಲ್ರಿ? ಹಗ್ಗ ಹಿಡೀರಿ."

ಸಿಲಿಂಡರ್ ಬಂದ್ ಮಾಡಿ ಬಂದು ಅವಳೂ ಕೈಹಾಕಿದಳು. ಜಗ್ಗಿದೆವು. ಶಂಭುಲಿಂಗ ಜೋಳದ ಚೀಲದ ಹಾಗೆ ಹೊರಬಿದ್ದ. ತುಟಿ ನೀಲಿಗಟ್ಟಿತ್ತು. ಸ್ವಲ್ಪ ಹೊತ್ತಿಗೆ ಉಸಿರೆಳೆದು, ಕೆಮ್ಮಿ, ಕಣ್ಣು ಬಿಟ್ಟ. ದವಾಖಾನೆಗೆ ಒಯ್ಯುವಾಗ ದಾರಿಯಲ್ಲಿ ಅವಳ ಮುಖ ನೋಡದೆ ಹೇಳಿದ: "ಮೊದಲಿನ ಎರಡು ಕೂಗು ಕೇಳಿದ್ವು. ಬೇಕಂತನ ಓ ಅನ್ನಲಿಲ್ಲ. ಮೂರನೇದು ನನಗ ಕೇಳಲೇ ಇಲ್ಲ."

ತನುಜಾ ಅವನ ಎದೆಗೆ ಗುದ್ದಿ ಗುದ್ದಿ ಅತ್ತಳು. ಕಣ್ಣೊರೆಸಿಕೊಂಡು ಅಂದಳು: "ಸಿಟ್ಟ ಬಂದ್ರ ಬೈರಿ. ನಮ್ಮಪ್ಪನ್ನೂ ಬೈರಿ. ಒಳಗ ಹೋಗಿ ಸುಮ್ಮನ ಮಾತ್ರ ಇರಬ್ಯಾಡ್ರಿ."

ಈಗಲೂ ಜಗಳಾಡುತ್ತಾರೆ, ಮಾತು ಬಿಡುವುದಿಲ್ಲ. ಮೊನ್ನೆ ಸವಣೂರಿನಿಂದ ಟ್ಯಾಂಕ್ ಮಾಡಿಸಲು ಕರೀಮಸಾಬರು ಬಂದಾಗ ಫ್ಯಾನಿನ ಸದ್ದನ್ನೂ ಮೀರಿ ಒಳಗಿಂದ ಮಾವನ ಮೇಲೆ ಬೈಗುಳ ಸುರಿಯುತ್ತಿತ್ತು. ತನುಜಾ ಮುಂಗೈಗೆ ಹಗ್ಗ ಸುತ್ತಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಕರೀಮಸಾಬರು ನಾಚಿ, ಸ್ವಲ್ಪ ಸುಮ್ಮನಿರಲು ಹೇಳಬಾರದೇನವ್ವ ಎಂದರು. ಅಷ್ಟರಲ್ಲಿ ಬೈಗುಳ ನಿಂತಿತು. ಅವರೆಕಾಯಿ ಚೆಲ್ಲಿ ಎದ್ದು ನಿಂತಳು ತನುಜಾ.

"ಯಾಕ ನಿಂದ್ರಿಸಿದ್ರಿ? ಬೈರಿ ಮುಂದ."

"ನಿಮ್ಮಪ್ಪಂದು ಮುಗೀತು," ಎಂದಿತು ಒಳಗಿನ ದನಿ. "ನಿಮ್ಮ ಕಾಕಾನ ಹೆಸರು ನೆನಪಾಗವಲ್ದು."

ಅವಳು ಕಾಕಾನ ಹೆಸರು ಹೇಳಿ ಕೂತಳು.