ಒಂದು ಹಾಡು, ಓಣಿ ತುಂಬ ರುಜು

ಮನಾಂಗ್ ಕ್ರೆಸಿಂಗ್‌ಗೆ ಸಿಟ್ಟು ಬಂದರೆ ಕೂಗಾಡುವುದಿಲ್ಲ. ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸುತ್ತಾಳೆ. ಆ ಜೂನ್ ತಿಂಗಳಲ್ಲಿ ಅವಳ ಕನ್ನಡಕದಷ್ಟು ಶುಭ್ರವಾದ ವಸ್ತು ದುಮಾಗೆತೆ ಊರಿನಲ್ಲಿ ಇನ್ನೊಂದಿರಲಿಲ್ಲ.

ಓಣಿಗೆಲ್ಲ ಅವಳು ಮನಾಂಗ್, ಹಿರಿಯಕ್ಕ. ನರ್ಸಿಂಗ್ ಕಾಲೇಜಿನ ಗೇಟಿನ ಪಕ್ಕದಲ್ಲಿ ಅವಳದೊಂದು ಜೆರಾಕ್ಸ್ ಅಂಗಡಿ. ಅದಕ್ಕೂ ಮೊದಲು ಬಹಳ ವರ್ಷ ಒಬ್ಬ ವಕೀಲರ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದಳು. ಕರಾವೋಕೆಯಲ್ಲಿ ಹಾಡದ ಮನುಷ್ಯರು ನಮ್ಮ ದ್ವೀಪದಲ್ಲಿ ಸಿಗುವುದು ಅಪರೂಪ; ಮೈಕು ಕೈಗೆ ಬಂದರೆ ಬಿಸಿ ಪಾತ್ರೆ ಮುಟ್ಟಿದಂತೆ ಪಕ್ಕದವರಿಗೆ ದಾಟಿಸುವವಳು ಇವಳೊಬ್ಬಳೇ. ಆದರೂ ಊರಿನಲ್ಲಿ ಗಿಟಾರ್ ಹಿಡಿದವರೆಲ್ಲ ಕಡೆಗೆ ಅವಳ ಅಂಗಡಿಗೇ ಬರುತ್ತಾರೆ. ಹಾಡು ಕಟ್ಟುವುದು ಅವರಿಗೆ ಗೊತ್ತು, ಕರಾರು ಓದುವುದು ಗೊತ್ತಿಲ್ಲ. ಸಿನಿಮಾದವರು ಯಾರಾದರೂ ಹಾಡು ಕೇಳಿದರೆ ಪತ್ರ ವ್ಯವಹಾರವೆಲ್ಲ ಅವಳದೇ. ಹಾಗೆ ಕೇಳಿದವರು ಹಲವರು. ಒಂದೂ ಕೈಗೂಡಿರಲಿಲ್ಲ. ಡ್ರಮ್ ಬಾರಿಸಿದವನು ಹಡಗಿನ ಕೆಲಸಕ್ಕೆ ಹೋಗಿರುತ್ತಿದ್ದ, ಇಲ್ಲವೇ ಪಲ್ಲವಿ ಬರೆದವಳು ಮುನಿಸಿಕೊಂಡಿರುತ್ತಿದ್ದಳು. ಬರೆದವರೆಲ್ಲರ ರುಜು ಇಲ್ಲದೆ ಸಿನಿಮಾದವರು ಹಾಡು ಮುಟ್ಟುವುದಿಲ್ಲ.

ಈ ಸಲದ ಹಾಡು ನಮ್ಮ ಓಣಿಯದೇ. ಒಂದು ಭಾನುವಾರ ಮಧ್ಯಾಹ್ನ ಕರೆಂಟು ಹೋಗಿ, ಸೆಕೆ ತಾಳಲಾರದೆ ಎಲ್ಲರೂ ಬೀಸಣಿಗೆ ಹಿಡಿದು ಹೊರಗೆ ಬಂದು ಕೂತಿದ್ದೆವು. ಪೆಡಿಕ್ಯಾಬ್ ಓಡಿಸುವ ರೋಲಿಂದೋ ತನ್ನ ಗಾಡಿಯ ಸೀಟಿನಲ್ಲೇ ಕೂತು ಗಿಟಾರಿನಲ್ಲಿ ಒಂದು ರಾಗ ಹುಡುಕುತ್ತಿದ್ದ. ನರ್ಸಿಂಗ್ ಓದುವ ಜಿಂಕಿ ಅದಕ್ಕೆ ಪದ ಜೋಡಿಸುತ್ತ ಹೋದಳು. ಕತ್ತಲಾಗುವ ಮೊದಲೇ ಹಾಡು ಮುಗಿದಿತ್ತು, ಜಿಂಕಿಯ ಫೋನಿನಲ್ಲಿ ಧ್ವನಿಮುದ್ರಣವೂ ಆಗಿತ್ತು. ಎರಡನೆಯ ನುಡಿಯ ಕೊನೆಗೆ ನೋಂಗ್ ತೆಯೋನ, ಅಂದರೆ ತೆಯೋ ಅಣ್ಣನ, ಕಾಳಗದ ಹುಂಜವೊಂದು ಕೂಗಿತು. ಅದನ್ನೂ ಅಳಿಸಲಿಲ್ಲ.

ಹಾಡನ್ನು ಇಂಟರ್ನೆಟ್ಟಿಗೆ ಹಾಕುವಾಗ ‘ಬರೆದವರು’ ಎಂಬಲ್ಲಿ ಜಿಂಕಿ ಅಲ್ಲಿ ಕೂತಿದ್ದವರ ಹೆಸರನ್ನೆಲ್ಲ ಸೇರಿಸಿದಳು. ಶಾವಿಗೆ ಮಾಡಿ ತಂದ ಮನಾಂಗ್ ಪಾಸಿಂಗ್, ಹುಂಜದ ಯಜಮಾನ ತೆಯೋ, ಬೆಂಚು ಕೊಟ್ಟವರು, ತಲೆದೂಗಿದವರು. ಎದುರಿಗೆ ಕೂತವರನ್ನು ಬಿಟ್ಟು ಇಬ್ಬರ ಹೆಸರನ್ನಷ್ಟೇ ಬರೆಯುವುದು ನಮ್ಮಲ್ಲಿ ಆಗದ ಮಾತು. ಹೆಸರು ಬಿಟ್ಟುಹೋದವರಿಗೆ ಬೇಜಾರಾಗುವುದಿಲ್ಲ, ಬಿಟ್ಟು ಬರೆದವರಿಗೆ ತಲೆ ಎತ್ತಲು ಆಗುವುದಿಲ್ಲ.

ಆಮೇಲೆ ಮನಿಲಾದಿಂದ ಶಾರ್ಮೇನ್ ಎಂಬಾಕೆಯ ಫೋನು ಬಂತು. ಒಂದು ಸಣ್ಣ ಸಿನಿಮಾ. ದೋಣಿ ಬಂದರು ಬಿಡುವ ಕೊನೆಯ ದೃಶ್ಯಕ್ಕೆ ನಿರ್ದೇಶಕರಿಗೆ ಇದೇ ಹಾಡು ಬೇಕಂತೆ, ಹುಂಜದ ಸಮೇತ. ಶುಕ್ರವಾರ ಸಂಜೆ ಐದರೊಳಗೆ ಎಲ್ಲರ ರುಜು ತಲುಪಬೇಕು. ಇಲ್ಲದಿದ್ದರೆ ಬೇರೆ ಹಾಡು.

ಅವತ್ತೇ ಕ್ರೆಸಿಂಗ್ ಛತ್ರಿ ಹಿಡಿದು ಹೊರಟಳು. ಮೊದಲು ತೆಯೋನ ಮನೆ. ಅವನು ಹುಂಜವನ್ನು ಕಂಕುಳಲ್ಲಿ ಅವುಚಿಕೊಂಡು ಅದರ ಕತ್ತು ನೇವರಿಸುತ್ತಿದ್ದ. ಓಣಿಗೆ ಹಿರಿಯಕ್ಕನಾದರೂ ಅವನಿಗೆ ಅವಳು ದಾಯ್, ಪುಟ್ಟ ತಂಗಿ.

“ರುಜು ತಾನೆ, ದಾಯ್? ಹಾಕ್ತೀನಿ. ಕೂತ್ಕೋ ಮೊದಲು. ಆದ್ರೆ ಇದರಲ್ಲಿ ಬೆರ್ತಿಂಗ್ ಹೆಸರೇ ಕಾಣ್ತಿಲ್ವಲ್ಲ?”

“ಬೆರ್ತಿಂಗ್ ಏನು ಮಾಡಿದ, ನೋಂಗ್?”

“ಅವನ ನಾಯಿ ಬೊಗಳದ ಹಾಗೆ ಬಾಯಿ ಹಿಡ್ಕೊಂಡು ಕೂತಿದ್ನಲ್ಲ, ಪೂರ್ತಿ ಹಾಡು!”

“ನಾಯಿ ಬಾಯಿ ಹಿಡಿದ್ರೆ ಹಾಡು ಬರೆದ ಹಾಗಾ?”

“ಅದು ಬೊಗಳಿದ್ರೆ ಹಾಡು ಎಲ್ಲಿರ್ತಿತ್ತು? ನನ್ನ ಹುಂಜ ಕೂಗಿದ್ದಕ್ಕೆ ನನ್ನ ಹೆಸರು. ಅವನ ನಾಯಿ ಸುಮ್ನಿದ್ದದ್ದಕ್ಕೆ ಅವನ ಹೆಸರು ಬೇಡ್ವಾ? ನಾಳೆ ಅವನ ಮುಖ ಹೇಗೆ ನೋಡ್ಲಿ ನಾನು?”

ಅಲ್ಲಿಂದ ಅವಳು ಹೋಗಿ ಕೇಳಿದಾಗ ಬೆರ್ತಿಂಗ್ ಸಂಕೋಚದಿಂದ ಮುದುಡಿಹೋದ. ತಾನೊಬ್ಬನೇ ಆದರೆ ಚೆನ್ನಾಗಿರುವುದಿಲ್ಲ, ನಾದಿನಿಯೂ ಚಪ್ಪಾಳೆ ತಟ್ಟಿದ್ದಳು ಎಂದ. ನಾದಿನಿಗೆ ಎದುರು ಮನೆಯ ಮುದುಕನ ನೆನಪಾಯಿತು; ಅವತ್ತು ತಾನು ಕೂತ ಕುರ್ಚಿ ಅವನದಾಗಿತ್ತಂತೆ. ರುಜು ತರಲು ಹೋದಲ್ಲೆಲ್ಲ ರುಜು ಸಿಕ್ಕಿತು, ಜೊತೆಗೆ ಇನ್ನೊಂದು ಮನೆಯ ದಾರಿಯೂ ಸಿಕ್ಕಿತು.

ಶಾರ್ಮೇನ್ ಫೋನಿನಲ್ಲಿ ಕೇಳಿದಳು: “ಮ್ಯಾಮ್, ಮೊನ್ನೆ ಹನ್ನೊಂದು ಜನ ಅಂದ್ರಿ. ಈಗ ಹದಿನಾಲ್ಕು ಆಯ್ತಾ?”

“ಇದು ಬೆಳಗಿನ ಲೆಕ್ಕ. ಮಧ್ಯಾಹ್ನ ಫೋನ್ ಮಾಡ್ಬೇಡಿ.”

“ಹಾಡು ನಿಜವಾಗಿ ಬರೆದೋರು ಎಷ್ಟು ಜನ, ಮ್ಯಾಮ್?”

“ಇಬ್ಬರು.”

“ಹಾಗಾದ್ರೆ ಉಳಿದೋರು?”

“ಅಕ್ಕಪಕ್ಕದೋರು,” ಎಂದು ಕ್ರೆಸಿಂಗ್ ಫೋನಿಟ್ಟಳು.

ವಕೀಲರ ಕಚೇರಿಯ ಬುದ್ಧಿ ಓಡಿಸಿ ಅವಳು ಇನ್ನೊಂದು ಉಪಾಯ ಹೂಡಿದಳು. ಇಬ್ಬರನ್ನು ಬಿಟ್ಟು ಉಳಿದವರು ತಮ್ಮ ಹೆಸರು ಹಿಂತೆಗೆದುಕೊಂಡಿದ್ದೇವೆ ಎಂದು ಬರೆದುಕೊಟ್ಟರೆ ಆಯಿತಲ್ಲ. ಆಶ್ಚರ್ಯವೆಂದರೆ ಒಬ್ಬರೂ ತಕರಾರು ತೆಗೆಯಲಿಲ್ಲ. ಪಾಸಿಂಗ್ ಅಂತೂ ಸೌಟು ಹಿಡಿದುಕೊಂಡೇ ನಕ್ಕಳು: “ತೆಗಿ ತಾಯಿ, ತೆಗಿ. ನಾನು ಈರುಳ್ಳಿ ಹೆಚ್ಚಿದೋಳು, ಹಾಡು ಹೆಚ್ಚಿದೋಳಲ್ಲ.” ಕ್ರೆಸಿಂಗ್ ಹಗುರಾಗಿ, ಕಾಗದ ಹಿಡಿದು ಪೆಡಿಕ್ಯಾಬ್ ನಿಲ್ಲುವ ಮೂಲೆಗೆ ಬಂದಳು. ಈಗ ಬೇಕಾದದ್ದು ರೋಲಿಂದೋ ಮತ್ತು ಜಿಂಕಿಯ ರುಜು ಮಾತ್ರ.

ರೋಲಿಂದೋ ಕಾಗದವನ್ನು ಪೂರ್ತಿ ಓದಿ, ಮಡಚಿ, ಅವಳ ಕೈಗೇ ಕೊಟ್ಟ.

“ಮನಾಂಗ್ ಪಾಸಿಂಗ್ ಹೆಸರು ತೆಗೆದುಬಿಟ್ರಾ?”

“ಅವಳೇ ಒಪ್ಪಿದಾಳೆ ಮಾರಾಯ.”

“ಒಪ್ತಾಳೆ. ಒಪ್ಪದೆ ಇನ್ನೇನು ಮಾಡ್ತಾಳೆ? ದಿನಾ ಅವಳ ಬಾಗಿಲ ಮುಂದೆ ಗಾಡಿ ತಿರುಗಿಸೋನು ನಾನು ಮನಾಂಗ್, ನೀವಲ್ಲ.”

“ಹಾಡು ಯಾರದು, ರೋಲಿಂದೋ?”

“ನಂದು, ಜಿಂಕಿದು.”

“ಮತ್ತೆ?”

“ಅದಕ್ಕೇ ನಾಚಿಕೆ ಆಗೋದು.”

“ಸಿನಿಮಾದಲ್ಲಿ ಬರೋದು ಬೇಡ್ವಾ ನಿಂಗೆ?”

ಅವನು ಗಾಡಿಯ ಗಂಟೆಯನ್ನು ಬೆರಳಿನಿಂದ ಸವರಿದ. “ಬೇಕು,” ಎಂದ. “ಆ ಫೋನು ಬಂದಾಗಿಂದ ಊಟ ಸೇರ್ತಿಲ್ಲ. ಕತ್ತಲಲ್ಲಿ ಅಷ್ಟು ದೊಡ್ಡದಾಗಿ ನಮ್ಮ ಹಾಡು... ಆದ್ರೂ ಹೀಗೆ ಬೇಡ.”

ಜಿಂಕಿಯೂ ಅದನ್ನೇ ಹೇಳಿದಳು, ಜೊತೆಗೆ ಅತ್ತಳು. ಕ್ರೆಸಿಂಗ್ ಅಂಗಡಿಗೆ ಬಂದು ಕಾಗದಗಳನ್ನೆಲ್ಲ ಮೇಜಿನ ಮೇಲೆ ಬಡಿದು, ಕನ್ನಡಕ ಒರೆಸುತ್ತ ತಗ್ಗಿದ ದನಿಯಲ್ಲೇ ಹೇಳಿದಳು: “ಇದೇನು ಹಾಡೋ, ಮದುವೆ ಊಟವೋ! ಮಾಡದ ಕೆಲಸಕ್ಕೆ ಹೆಸರು ಹಾಕಿಸ್ಕೊಳ್ಳೋದು ಸುಳ್ಳು ಅಂತ ಈ ಊರಿಗೆ ಯಾರೂ ಹೇಳಿಕೊಡಲೇ ಇಲ್ವಾ?” ಜೆರಾಕ್ಸ್ ಮಾಡಿಸಲು ಬಂದಿದ್ದ ಹುಡುಗಿಯರು ಹೆದರಿ ಸಾಲಿನಲ್ಲಿ ನಿಂತರು.

ಶುಕ್ರವಾರ ಮಧ್ಯಾಹ್ನ ಪಾಸಿಂಗ್‌ಳ ಅಂಗಳದಲ್ಲಿ ಎಲ್ಲರನ್ನೂ ಸೇರಿಸಿದಳು. ಅಷ್ಟು ಹೊತ್ತಿಗೆ ಹೆಸರುಗಳು ಹದಿನೇಳಾಗಿದ್ದವು. ಕೊನೆಯ ದಾರಿ ಇದೊಂದೇ ಎಂದು ಅವಳು ಬಿಡಿಸಿ ಹೇಳಿದಳು. ಹೆಸರು ಎಲ್ಲರದೂ ಇರಲಿ; ನೂರು ಪಾಲಿನಲ್ಲಿ ಬಹುಪಾಲು ಇಬ್ಬರದು, ಉಳಿದವರದು ಒಂದೊಂದು; ಸಿನಿಮಾದವರ ಜೊತೆ ಎಲ್ಲರ ಪರವಾಗಿ ರುಜು ಹಾಕುವ ಅಧಿಕಾರವನ್ನು ತನಗೆ ಬರೆದುಕೊಡಬೇಕು. ಇನ್ನು ಮೇಲೆ ಹೊಸ ಹೆಸರು ಇಲ್ಲ.

ಎಲ್ಲರೂ ತಲೆಯಾಡಿಸಿದರು. ಪೆನ್ನು ತೆರೆದ ತೆಯೋ ಮಾತ್ರ ಬರೆಯದೆ ಕೂತ.

“ದಾಯ್, ನಿನ್ನ ಹೆಸರೆಲ್ಲಿ?”

“ನಾನು ಅವತ್ತು ಇರಲೇ ಇಲ್ಲ, ನೋಂಗ್. ಅಂಗಡೀಲಿ ಲೆಕ್ಕ ಬರೀತಿದ್ದೆ.”

“ನಮ್ಮ ಪರವಾಗಿ ರುಜು ಹಾಕೋಳು ನೀನು. ನಿನ್ನನ್ನ ಹೊರಗೆ ನಿಲ್ಸಿ ನಾವೆಲ್ಲ ಒಳಗೆ ಕೂತ್ಕೊಳ್ಳೋದಾ? ಜನ ಏನಂತಾರೆ?”

“ಯಾವ ಜನ? ಜನ ಎಲ್ಲ ಈ ಕಾಗದದಲ್ಲೇ ಇದಾರಲ್ಲ!”

ಯಾರೂ ನಗಲಿಲ್ಲ. ಬೆರ್ತಿಂಗ್ ಪೆನ್ನು ಕೆಳಗಿಟ್ಟ. ಪಾಸಿಂಗ್ ಸೌಟು ಕೆಳಗಿಟ್ಟಳು. ಒತ್ತಾಯವಿಲ್ಲ, ಜಗಳವಿಲ್ಲ; ಸುಮ್ಮನೆ ಮೃದುವಾಗಿ, ಮಳೆ ನಿಲ್ಲಲೆಂದು ಕಾಯುವವರ ಹಾಗೆ ಅವರು ಕಾದು ಕೂತರು. ಗಂಟೆ ನಾಲ್ಕು ದಾಟಿತ್ತು. ಕ್ರೆಸಿಂಗ್ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದು ರೋಲಿಂದೋನ ಮೇಲೆ ಕಣ್ಣು ನಿಲ್ಲಿಸಿದಳು. ಅವನು ಚಪ್ಪಲಿ ನೋಡುತ್ತಿದ್ದ. ಬೇಡಲೂ ಅವನಿಗೆ ಬರುವುದಿಲ್ಲ.

ಅವಳು ಫೋನು ಹಚ್ಚಿದಳು. ಎಲ್ಲರಿಗೂ ಕೇಳಲೆಂದು ಧ್ವನಿ ಜೋರು ಮಾಡಿದಳು.

“ಶಾರ್ಮೇನ್, ಹದಿನೆಂಟು.”

“ಅಯ್ಯೋ ಮ್ಯಾಮ್! ಹದಿನೆಂಟನೇದು ಯಾರು?”

“ನಾನು.”

“ನೀವು ಏನು ಬರೆದ್ರಿ?”

“ಏನೂ ಇಲ್ಲ ತಾಯಿ. ಹಾಕ್ಕೊಳ್ಳಿ. ನನ್ನ ಪಾಲು ಸೊನ್ನೆ.”

ಆ ಕಡೆ ಟಕಟಕ ಸದ್ದು ಕೇಳಿಸಿತು. “ಸೊನ್ನೆ ಹಾಕಿದ್ರೆ ನಮ್ಮ ಕಂಪ್ಯೂಟರ್ ಮುಂದಕ್ಕೆ ಹೋಗಲ್ಲ, ಮ್ಯಾಮ್. ಕಡೇಪಕ್ಷ ಒಂದು ಇರ್ಬೇಕು.”

ಅಂಗಳದಲ್ಲಿ ಕೈಗಳೆದ್ದವು. ನನ್ನದು ತಗೊಳ್ಳಿ, ಇಲ್ಲ ನನ್ನದು, ನಂಗೆ ಯಾಕೆ ಅದು, ಮುದುಕನಾದವನಿಗೆ ಹಾಡಿನ ಪಾಲೇಕೆ, ನನ್ನ ನಾಯಿಯದೇ ಇರಲಿ. ಕೊಡುವ ಗದ್ದಲದಲ್ಲಿ ಶಾರ್ಮೇನ್ ಹೇಳುತ್ತಿದ್ದುದು ಕೇಳಿಸಲಿಲ್ಲ.

ಆಗ ಕ್ರೆಸಿಂಗ್ ಕೂಗಿದಳು. ಅವಳ ಕೂಗನ್ನು ನಾವು ಕೇಳಿದ್ದು ಅದೇ ಮೊದಲು.

“ಎಲ್ಲಾ ಬಾಯ್ಮುಚ್ಚಿ! ರೋಲಿಂದೋ, ನಿಂದರಲ್ಲಿ ಒಂದು. ಕೊಡ್ತೀಯಾ?”

“ಕೊಡ್ತೀನಿ ಮನಾಂಗ್,” ಎಂದ ಅವನು. ಸಾಲ ತೀರಿದವನ ಮುಖ ಅವನದಾಗಿತ್ತು. ಪೆನ್ನುಗಳು ಓಡಿದವು. ಕ್ರೆಸಿಂಗ್ ಕಾಗದಗಳ ಚಿತ್ರ ತೆಗೆದು ಕಳಿಸಿ, ಎಲ್ಲರಿಗೂ ಬೆನ್ನು ಹಾಕಿ ಕೂತಳು. ತಾನು ಜೀವಮಾನವೆಲ್ಲ ಬೈದದ್ದನ್ನೇ ಕೈಯಾರೆ ಬರೆದು ಕಳಿಸಿದ್ದಳು. ಯಾರಾದರೂ ಧನ್ಯವಾದ ಹೇಳಿದ್ದರೆ ಹೊಡೆದೇಬಿಡುತ್ತಿದ್ದಳೇನೋ.

ಉತ್ತರಕ್ಕೆ ಕಾಯುವ ಹೊತ್ತು ಕಳೆಯಬೇಕಲ್ಲ, ಜಿಂಕಿ ಮೆಲ್ಲಗೆ ಅದೇ ಹಾಡು ಎತ್ತಿಕೊಂಡಳು. ರೋಲಿಂದೋ ಗಿಟಾರ್ ಹಿಡಿದ. ಎರಡನೆಯ ನುಡಿಗೆ ಬರುವಷ್ಟರಲ್ಲಿ ಗೇಟಿನ ಹೊರಗಿನಿಂದ ಒಂದು ಕೆಳದನಿ ಬಂದು ಸೇರಿತು. ಓಣಿಗೆ ಹೊಸದಾಗಿ ಬಾಡಿಗೆಗೆ ಬಂದ ಮಾಸ್ತರು, ಕೈಯಲ್ಲಿ ಮಾರುಕಟ್ಟೆಯ ಚೀಲ. ಇಂಪಾಗಿಯೇ ಹಾಡುತ್ತಿದ್ದರು. ಹಾಡಿನ ಕೆಳಗೆ ಇಷ್ಟು ದಿನ ಖಾಲಿಯಿದ್ದ ಜಾಗವೊಂದು ತುಂಬಿದ ಹಾಗಾಯಿತು. ತೆಯೋ ಅವರತ್ತ ತಿರುಗಿ, ನಗುತ್ತ, ಬೆಂಚಿನಲ್ಲಿ ಸರಿದು ಜಾಗ ಮಾಡತೊಡಗಿದ.

ಕ್ರೆಸಿಂಗ್ ಎದ್ದು ದಡದಡನೆ ಗೇಟಿಗೆ ಹೋದಳು. “ಮಾಸ್ತರೇ, ತುಂಬಾ ಚೆನ್ನಾಗಿ ಹಾಡ್ತೀರಿ. ದಯವಿಟ್ಟು ಮನೆಗೆ ಹೋಗಿ.”

ಅವಳ ಕೈಯಲ್ಲಿದ್ದ ಫೋನು ಟಿಣ್ ಎಂದಿತು. ತಲುಪಿದೆ, ಹಾಡು ಸಿನಿಮಾದಲ್ಲಿ ಇರುತ್ತದೆ ಎಂದು ಶಾರ್ಮೇನ್ ಬರೆದಿದ್ದಳು. ಕ್ರೆಸಿಂಗ್ ಓದಿದಳು, ಯಾರಿಗೂ ಹೇಳಲಿಲ್ಲ. ಮೊದಲು ಗೇಟಿನ ಚಿಲಕ ಹಾಕಿದಳು.