ಹಿಂದಿಯ ದೀದಿ ಕೊಟ್ಟ ಮಾತು

ಸಿನಿಮಾದ ಮೂರನೆಯ ಭಾಗ ಬಿಡುಗಡೆಯಾದ ಮರುದಿನ ಕಾಶಿಯ ಕಂಟೋನ್ಮೆಂಟಿನ ಹತ್ತಿರದ ಚಿತ್ರಮಂದಿರದಲ್ಲಿ ಮ್ಯಾಟಿನಿಗೆ ಕೂತಿದ್ದೆ. ತೆರೆಯ ಮೇಲೆ ಸೇತುವೆ ಕುಸಿಯಿತು. ಹಿಂದೆ ಬರುತ್ತಿದ್ದ ಬಸ್ಸನ್ನು ತಡೆಯಲು ಕತೆಯ ನಾಯಕಿ ಅಕ್ಕ ತನ್ನ ಲಾರಿಯನ್ನು ಅಡ್ಡ ನಿಲ್ಲಿಸಿದಳು. ಲಾರಿ ಹೊಳೆಗೆ ಬಿತ್ತು, ಅವಳು ಮತ್ತೆ ಮೇಲೆ ಬರಲಿಲ್ಲ. ಜನ ಅಳುತ್ತಾರೆ ಎಂದುಕೊಂಡಿದ್ದೆ. ಅವರು ಬೈಯತೊಡಗಿದರು. ಮುಂದಿನ ಸಾಲಿನಲ್ಲಿದ್ದವನೊಬ್ಬ ಎದ್ದು ನಿಂತು, "ಯಾರಿದನ್ನ ಬರೆದೋನು? ಎದುರಿಗೆ ಬರಲಿ ನೋಡೋಣ!" ಎಂದು ಹಿಂದಿಯಲ್ಲಿ ಕೂಗಿದ. ನಾನು ದುಪಟ್ಟಾವನ್ನು ತಲೆಯ ಮೇಲೆ ಎಳೆದುಕೊಂಡು ಕುರ್ಚಿಯಲ್ಲಿ ಕುಗ್ಗಿದೆ. ಹಿಂದಿಯಲ್ಲಿ ಅದನ್ನು ಬರೆದವಳು ನಾನೇ.

ನಮ್ಮದು ಕಾಶಿಯಲ್ಲಿ ನೆಲೆಸಿದ ಕನ್ನಡದ ಪುರೋಹಿತರ ಮನೆ. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ದಶಾಶ್ವಮೇಧ ಘಾಟಿನಲ್ಲಿ ಶ್ರಾದ್ಧ, ತರ್ಪಣ ಮಾಡಿಸುವುದು ಅಪ್ಪನ ಕೆಲಸ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಹಿಂದಿ, ಹಾಗೆ ಬೆಳೆದವಳು ನಾನು. ಅದರಿಂದಲೇ ನನಗೊಂದು ಕೆಲಸವೂ ಸಿಕ್ಕಿತು. ಹಿಂದಿಗೆ ಡಬ್ ಆಗುವ ಕನ್ನಡ ಸಿನಿಮಾಗಳಿಗೆ ಮನೆಯಲ್ಲೇ ಕೂತು ಸಂಭಾಷಣೆ ಬರೆಯುತ್ತೇನೆ. ನಟರ ತುಟಿ ಎಷ್ಟು ಸಲ ಆಡುತ್ತದೋ ಅಷ್ಟಕ್ಕೆ ಮಾತು ಕೂರಿಸಬೇಕು, ಅಷ್ಟೇ. ಬರೆದವರು ಯಾರೆಂದು ಯಾರೂ ಕೇಳುವುದಿಲ್ಲ.

ಲಾರಿ ಓಡಿಸುವ ಅಕ್ಕ ಮತ್ತು ಅವಳ ತಮ್ಮನ ಕತೆಯ ಮೊದಲ ಭಾಗ ನನ್ನ ಕೈಗೆ ಬಂದಾಗ ಅದೂ ಹಾಗೇ ಒಂದು ಕೆಲಸವಾಗಿತ್ತು. ತಮ್ಮ ಹೆದರಿದಾಗಲೆಲ್ಲ ಅಕ್ಕ "ನಾನಿದ್ದೀನಲ್ಲ" ಎನ್ನುತ್ತಾಳೆ. ಅದಕ್ಕೆ ಸರಿಹೊಂದುವ ಹಿಂದಿಯೇ ಸಿಗಲಿಲ್ಲ. ಏನು ಬರೆದರೂ ಸಪ್ಪೆ. ಒಂದು ಬೆಳಿಗ್ಗೆ ನಮ್ಮ ಗಲ್ಲಿಯ ತರಕಾರಿ ಮಾರುವವಳು ಅಳುತ್ತಿದ್ದ ಮೊಮ್ಮಗಳನ್ನು ತಬ್ಬಿಕೊಂಡು ಇಲ್ಲಿನ ಭೋಜಪುರಿಯಲ್ಲಿ "ಹಮ್ ಕಹೀಂ ನ ಜಾಬ್" ಎಂದಳು. ನಾನೆಲ್ಲೂ ಹೋಗಲ್ಲ ಎಂದರ್ಥ. ಎಣಿಸಿ ನೋಡಿದೆ. ಉಚ್ಚಾರದಲ್ಲಿ ಅಲ್ಲೂ ಐದು ಅಕ್ಷರ, ಇಲ್ಲೂ ಐದು. ಅಕ್ಕನ ತುಟಿಗೆ ಸರಿಯಾಗಿ ಕೂತಿತು.

ಆ ಮಾತು ಉತ್ತರದಲ್ಲಿ ಮನೆಮಾತಾಯಿತು. ಆಟೋಗಳ ಹಿಂದೆ ಅದೇ, ಅಂಗಿಗಳ ಮೇಲೆ ಅದೇ. ಅಸ್ಸಿ ಘಾಟಿನ ಚಹಾದಂಗಡಿಗಳಲ್ಲಿ ವಿದ್ಯಾರ್ಥಿಗಳು ಒಬ್ಬರಿಗೊಬ್ಬರು ಹೇಳಿಕೊಂಡು ನಗುವುದನ್ನು ಕೇಳಿ ಒಳಗೊಳಗೇ ಹಿಗ್ಗುತ್ತಿದ್ದೆ. ಎರಡನೆಯ ಭಾಗದಲ್ಲಿ ಇನ್ನೂ ಏಳೆಂಟು ಕಡೆ ಅದನ್ನೇ ಹಾಕಿದೆ. ನಿರ್ದೇಶಕರು ಬೆಂಗಳೂರಿನಿಂದ ಫೋನ್ ಮಾಡಿ, "ಮೇಡಂ, ಅದು ನನ್ನ ಕತೆಯ ಅಕ್ಕನ ಮಾತಲ್ಲ. ಆದ್ರೆ ಜನಕ್ಕೆ ಹಿಡಿಸಿದೆ, ಇರಲಿ ಬಿಡಿ" ಎಂದಿದ್ದರು. ನಾನು ಆಗ ಅದನ್ನು ಹೊಗಳಿಕೆ ಎಂದೇ ತಿಳಿದೆ.

ಮೂರನೆಯ ಭಾಗದ ಕತೆ ಓದಿದ ದಿನ ಹಿಂದಿನ ಎರಡೂ ಭಾಗಗಳಿಗೆ ಬರೆದದ್ದನ್ನು ತೆಗೆದು ನೋಡಿದೆ. ಕನ್ನಡದ ಅಕ್ಕ ಇದ್ದೀನಿ ಎಂದಿದ್ದಳು, ಇದ್ದಷ್ಟು ದಿನ ಇದ್ದಳು, ಹೋದಳು. ಹಿಂದಿಯ ದೀದಿ ಮಾತ್ರ ಎರಡು ಸಿನಿಮಾಗಳ ಉದ್ದಕ್ಕೂ ಎಲ್ಲೂ ಹೋಗುವುದಿಲ್ಲ ಎಂದು ಮಾತು ಕೊಟ್ಟಿದ್ದಳು. ಆ ಮಾತು ಕೊಡಿಸಿದ್ದು ನಾನು. ಆದರೂ ಯಾರಿಗೂ ಹೇಳದೆ ಕೆಲಸ ಮುಗಿಸಿ ಕಳಿಸಿದೆ. ದೃಶ್ಯ ಅಷ್ಟು ಚೆನ್ನಾಗಿತ್ತು. ಅದನ್ನು ಬರೆಯುತ್ತಾ ನಾನೂ ಅತ್ತಿದ್ದೆ.

ಸಿನಿಮಾ ಬಂದ ನಾಲ್ಕನೆಯ ದಿನ ಯಾರೋ ಟೈಟಲ್ ಕಾರ್ಡಿನಲ್ಲಿ ನನ್ನ ಹೆಸರು ಹುಡುಕಿ ತೆಗೆದರು. ಐದನೆಯ ದಿನ ನಂಬರ್ ಸಿಕ್ಕಿತು. ಅದು ನನ್ನದಲ್ಲ, ಯಾತ್ರಿಕರಿಗೆಂದು ನಮ್ಮ ಮನೆಯ ಬೋರ್ಡಿನ ಮೇಲೆ ಬರೆಸಿದ್ದ ಅಪ್ಪನದು. ಫೋನ್ ಬಂದರೆ ಅಪ್ಪ ವಾಡಿಕೆಯಂತೆ, "ನಮಸ್ಕಾರ, ಯಾವೂರು ನಿಮ್ಮದು? ತಿಥಿ ಯಾವತ್ತು?" ಎನ್ನುತ್ತಿದ್ದರು. ಆ ಕಡೆಯಿಂದ ಬೈಗುಳ ಸುರಿಯುತ್ತಿತ್ತು. ಒಬ್ಬನಂತೂ, ದೀದಿಯನ್ನು ಮುಳುಗಿಸಿದವಳನ್ನು ಗಂಗೆಯಲ್ಲಿ ಮುಳುಗಿಸುತ್ತೇನೆ ಎಂದನಂತೆ.

"ಯಾರಮ್ಮಾ ಈ ದೀದಿ? ನೀನೇನು ಮಾಡ್ದೆ ಅವಳಿಗೆ?" ಎಂದು ಅಪ್ಪ ಕೇಳಿದರು.

ಹೇಳಿದೆ. ಅವರು ಸಿನಿಮಾ ನೋಡುವವರಲ್ಲ. "ನಾಲ್ಕು ದಿನ ಘಾಟಿನ ಕಡೆ ಬರಬೇಡ" ಎಂದರು. ಮಾರನೆಯ ಬೆಳಿಗ್ಗೆ ಅವರು ಒಬ್ಬರೇ ಹೊರಟಾಗ ನನಗೆ ಇನ್ನೂ ಭಯವಾಯಿತು. ಅವರು ವಾಪಸು ಬರುವವರೆಗೆ ಕಿಟಕಿ ಬಿಟ್ಟು ಕದಲಲಿಲ್ಲ. ಗಲ್ಲಿಯಲ್ಲಿ ಬೈಕ್ ನಿಂತರೆ ಕದದ ಮರೆಗೆ ಸರಿಯುತ್ತಿದ್ದೆ.

ಆ ವಾರದ ಕೊನೆಗೆ, ಮಧ್ಯಾಹ್ನ ಊಟದ ಹೊತ್ತಿಗೆ, ಯಾರೋ ಬಾಗಿಲು ಬಡಿದರು. ಕಿಟಕಿಯಿಂದ ನೋಡಿದೆ. ಮೂವರು ವಿದ್ಯಾರ್ಥಿಗಳು, ಇಬ್ಬರು ಹುಡುಗರು, ಒಬ್ಬಳು ಹುಡುಗಿ. ಹುಡುಗಿ ಮೊಬೈಲನ್ನು ಮೇಲೆತ್ತಿಯೇ ಹಿಡಿದಿದ್ದಳು, ಚಿತ್ರೀಕರಣ ನಡೆದಿತ್ತು. "ತೆಗೀಬೇಡಿ ಅಪ್ಪಾ" ಎನ್ನುವಷ್ಟರಲ್ಲಿ ಅಪ್ಪ ಚಿಲಕ ತೆಗೆದಿದ್ದರು.

"ಪಂಡಿತ್‌ಜೀ, ದೀದಿಗೆ ಪಿಂಡ ಹಾಕಿಸಬೇಕು" ಎಂದ ಒಬ್ಬ ಹುಡುಗ ಹಿಂದಿಯಲ್ಲಿ. ನಗು ತಡೆದುಕೊಳ್ಳುತ್ತಿದ್ದ. "ನಿಮ್ಮ ಮನೆಯವರೇ ಕೊಂದದ್ದು, ನೀವೇ ಮಾಡಿಸಿ."

ಅಪ್ಪ ಸಿಟ್ಟಾಗಲಿಲ್ಲ. ಯಾತ್ರಿಕರನ್ನು ಕೇಳುವಂತೆಯೇ ಕೇಳಿದರು. "ಗೋತ್ರ ಯಾವುದು?"

ಹುಡುಗ ಪಕ್ಕದವನನ್ನು ಮೊಣಕೈಯಿಂದ ತಿವಿದ.

"ತಂದೆಯ ಹೆಸರು? ಅದೂ ಗೊತ್ತಿಲ್ಲವೇ? ನೋಡಿ ಬೇಟಾ, ಪಿಂಡ ಇಟ್ಟರೆ ಅವಳು ಸತ್ತಳು ಅಂತ ನೀವೇ ಒಪ್ಪಿಕೊಂಡ ಹಾಗೆ. ಒಪ್ಪಿಗೆಯೇ?"

ಹುಡುಗಿ ಮೊಬೈಲ್ ಕೆಳಗಿಳಿಸಿದಳು. ಅಪ್ಪನ ಹಿಂದೆ ನಿಂತಿದ್ದ ನನ್ನನ್ನು ನೋಡಿ, "ಆಂಟಿ, ನೀವೇನಾ ಬರೆದದ್ದು?" ಎಂದಳು. ತಾನು ಹಾಸ್ಟೆಲ್ ಸೇರಿದ ಹೊಸದರಲ್ಲಿ ದಿನವೂ ದೀದಿ ತಮ್ಮನಿಗೆ ಮಾತು ಕೊಡುವ ದೃಶ್ಯ ಹಾಕಿಕೊಂಡು ನೋಡುತ್ತಿದ್ದಳಂತೆ. "ಎಲ್ಲೂ ಹೋಗಲ್ಲ ಅಂದಿದ್ದಳಲ್ಲ ಆಂಟಿ. ಮತ್ತೆ ಯಾಕೆ?"

ಅಪ್ಪನ ಪಕ್ಕಕ್ಕೆ ಬಂದು ಹೇಳಿದೆ. "ಕನ್ನಡದಲ್ಲಿ ಅವಳು ಹಾಗೆ ಹೇಳಿಯೇ ಇಲ್ಲ. ಆ ಮಾತು ನನ್ನದು."

ಅವಳಿಗೆ ಸಮಾಧಾನವಾಗಬಹುದೆಂದು ಯಾಕೆ ಎಣಿಸಿದೆನೋ. ಅವಳ ಕಣ್ಣು ತುಂಬಿತು. "ಹಾಗಾದ್ರೆ ನೀವು ಅದನ್ನ ಹೇಳಿಸಬಾರದಿತ್ತು" ಎಂದು ತಿರುಗಿ ಮೆಟ್ಟಿಲಿಳಿದಳು. ಹುಡುಗರು ಅವಳ ಹಿಂದೆ ನಡೆದರು.

ಎರಡು ದಿನ ಬಿಟ್ಟು ನಿರ್ದೇಶಕರ ಫೋನ್. ಧ್ವನಿ ಬಿದ್ದುಹೋಗಿತ್ತು. ಅವರ ಮನೆಯ ಮುಂದೆಯೂ ಜನ ಸೇರಿದ್ದರಂತೆ. ಮಗಳು ಶಾಲೆಗೆ ಹೋಗಲು ಹೆದರುತ್ತಿದ್ದಾಳಂತೆ.

"ಮೇಡಂ, ಓಟಿಟಿಗೆ ಹಿಂದಿಯಲ್ಲಿ ಕೊನೆ ಬದಲಾಯಿಸೋಣ ಅಂತಿದ್ದಾರೆ ನಿರ್ಮಾಪಕರು. ತಮ್ಮ ಹೊಳೆ ದಂಡೇಲಿ ಕೂತು ಮಾತಾಡ್ತಾನಲ್ಲ, ಅವನ ಬೆನ್ನಷ್ಟೇ ಕಾಣೋದು, ತುಟಿ ಕಾಣಲ್ಲ. ಅಕ್ಕ ಆಸ್ಪತ್ರೆಲಿದ್ದಾಳೆ, ಉಳಿದ್ಲು ಅಂತ ಅವನ ಬಾಯಲ್ಲಿ ಹೇಳಿಸಿಬಿಡಿ. ಕೊನೇಲಿ ನಿಮ್ಮ ಆ ಮಾತು ಹಾಕಿ."

"ನೀವು ಒಪ್ಪಿದ್ರಾ ಸರ್?"

"ಒಪ್ಪದೆ ಏನ್ಮಾಡ್ಲಿ? ಕತೆ ನಂದೇ, ಹಕ್ಕು ನಿರ್ಮಾಪಕರದ್ದು. ಜನ ನೋಡಿದ್ರೆ ಕತೆ ತಮ್ಮದು ಅಂತಾರೆ."

ಒಂದು ದಿನ ಸಮಯ ಕೇಳಿದೆ. ಕೂತು ಬರೆದೂ ನೋಡಿದೆ. ನಾಲ್ಕೇ ಸಾಲು, ಬಹಳ ಸುಲಭವಾಗಿ ಬಂತು. ಅಷ್ಟು ಸುಲಭವಾಗಿ ಬಂದದ್ದೇ ಹೆದರಿಕೆ ಹುಟ್ಟಿಸಿತು. ಅಪ್ಪನ ಮುಂದೆ ಓದಿದೆ. ಫೋನ್‌ಗಳ ಕಾಟ ನಿಲ್ಲುತ್ತದೆ ಎಂದೂ ಹೇಳಿದೆ.

"ನನ್ನ ಫೋನಿನ ಚಿಂತೆ ಬಿಡು. ನಿನಗೆ ಬರೀಬೇಕು ಅನಿಸಿದೆಯಾ?" ಎಂದರು.

"ಇಲ್ಲ."

"ಹಂಗಿದ್ರೆ ಹೇಳಿಬಿಡು. ಪಾಪ, ಆ ಮನುಷ್ಯ ಕಾಯ್ತಾ ಇರ್ತಾನೆ."

ನನ್ನಿಂದಾಗದು ಎಂದಾಗ ನಿರ್ದೇಶಕರು, "ನನ್ನ ಸಿನಿಮಾಗೆ ನೀವಾದ್ರೂ ಇಲ್ಲ ಅಂದ್ರಲ್ಲ" ಎಂದು ಫೋನ್ ಇಟ್ಟರು. ಅದರಲ್ಲಿ ಕೋಪವಿತ್ತೋ ಕೃತಜ್ಞತೆಯಿತ್ತೋ ಇವತ್ತಿಗೂ ನನಗೆ ತಿಳಿಯದು.

ಮುಂಬೈಯಲ್ಲಿ ಬೇರೆ ಯಾರೋ ಆ ಸಾಲುಗಳನ್ನು ಬರೆದರು. ಹಿಂದಿಯ ದೀದಿ ಆಸ್ಪತ್ರೆಯಲ್ಲಿ ಬದುಕಿಕೊಂಡಳು. ಅಭಿಮಾನಿಗಳು ಅದಕ್ಕೂ ಉಗಿದರು. ನಮ್ಮನ್ನೇನು ಮಕ್ಕಳು ಎಂದುಕೊಂಡಿದ್ದೀರಾ ಎಂದು ಕೇಳಿದರು. ಟೈಟಲ್ ಕಾರ್ಡಿನಿಂದ ನನ್ನ ಹೆಸರು ಹೋಗಿತ್ತು. ನಿಧಾನವಾಗಿ ಅಪ್ಪನ ಫೋನಿಗೆ ಮತ್ತೆ ಶಿರಸಿ, ಹಾವೇರಿ, ತುಮಕೂರಿನ ಯಾತ್ರಿಕರ ಧ್ವನಿಗಳಷ್ಟೇ ಬರತೊಡಗಿದವು.

ಈಗ ನನ್ನ ಮೇಜಿನ ಮೇಲೆ ಬೇರೊಂದು ಸಿನಿಮಾ ಇದೆ. ಅದರಲ್ಲಿ ಒಬ್ಬ ತಂದೆ ಜ್ವರದಲ್ಲಿ ಮಲಗಿರುವ ಮಗಳಿಗೆ ಧೈರ್ಯ ಹೇಳುತ್ತಾನೆ. ನಿನ್ನೆ ಒಂದು ಒಳ್ಳೆಯ ಸಾಲು ಹೊಳೆಯಿತು. ಬರೆದೆ, ಹೊಡೆದುಹಾಕಿದೆ, ಕನ್ನಡದಲ್ಲಿ ಅವನು ಎಷ್ಟು ಹೇಳಿದ್ದಾನೋ ಅಷ್ಟನ್ನೇ ಬರೆದೆ. ಬೆಳಿಗ್ಗೆ ಎದ್ದು ಓದಿದರೆ ಅದು ಸತ್ತ ಮಾತಿನಂತಿತ್ತು. ನಾಳೆ ಕಳಿಸಬೇಕು, ಎರಡರಲ್ಲಿ ಯಾವ ಸಾಲೆಂದು ಇನ್ನೂ ತೀರ್ಮಾನಿಸಿಲ್ಲ.